ಭೂತಾಯಿಗೆ ಮೂರು ದಿನ ಬಿಡುವು, ಹೆಣ್ಣಾಳಿಗೆ?



ನಮ್ಮ ದೇಶದ ಪಡುವಣ ಕಡಲ ಕರೆಯಲ್ಲಿ ತುಳುನಾಡು, ಮೂಡಣ ಕಡಲ ಕರೆಯಲ್ಲಿ ಒಡಿಶಾ. ನಡುವೆ ಸಾವಿರ ಕಿಲೋಮೀಟರಿಗೂ ಮೀರಿದ ದೂರ. ಮಾತು ಬೇರೆ, ಉಡುಗೆ ಬೇರೆ. ಆದರೆ ಎರಡೂ ಕಡೆಯ ಬೇಸಾಯಗಾರರ ನಂಬಿಕೆ ಒಂದೇ. ಭೂಮಿ ಹೆಣ್ಣು, ವರ್ಷಕ್ಕೊಮ್ಮೆ ಆಕೆ ಮುಟ್ಟಾಗುತ್ತಾಳೆ, ಆ ಮೂರು ದಿನ ಆಕೆಯನ್ನು ನೋಯಿಸಬಾರದು.

ತುಳುನಾಡಿನಲ್ಲಿ ಇದಕ್ಕೆ ಕೆಡ್ಡಸ ಎಂದು ಹೆಸರು. ಮಕರ ಮಾಸದ ಕೊನೆಗೆ, ಅಂದರೆ ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ ಬರುತ್ತದೆ. ಆಗ ನೇಗಿಲು ಹೂಡುವಂತಿಲ್ಲ, ನೆಲ ಅಗೆಯುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಕೊನೆಗೆ ಮನೆಯ ಹೆಂಗಸರು ಅಂಗಳ ಸಾರಿಸಿ, ಅರಿಸಿನ, ಕುಂಕುಮ, ಸೀಗೆ ಇಟ್ಟು, ನೆಲಕ್ಕೆ ಎಣ್ಣೆ ಬಿಟ್ಟು ಭೂಮಿಗೆ ಮೀಯಿಸುವ ಶಾಸ್ತ್ರ ಮಾಡುತ್ತಾರೆ.

ಒಡಿಶಾದ ಹಬ್ಬಕ್ಕೆ ‘ರಜ’ ಎಂದು ಹೆಸರು. ರಜಸ್ವಲೆ ಎಂಬ ಮಾತಿನಿಂದ ಬಂದದ್ದು. ಜೂನ್ ತಿಂಗಳ ನಡುವೆ, ಮಿಥುನ ಸಂಕ್ರಮಣ, ಅದರ ಹಿಂದಿನ ದಿನ ಮತ್ತು ಮರುದಿನ ಇದರ ಆಚರಣೆ. ಅಲ್ಲಿಯೂ ಉಳುಮೆ ಇಲ್ಲ, ಅಗೆತ ಇಲ್ಲ. ನಾಲ್ಕನೆಯ ದಿನ ವಸುಮತಿ ಸ್ನಾನ. ಆದರೆ ಅಲ್ಲಿ ಇನ್ನೊಂದು ವಿಶೇಷವುಂಟು. ಭೂಮಿಯ ಜೊತೆಗೆ ಮನೆಯ ಹೆಣ್ಣುಮಕ್ಕಳಿಗೂ ಬಿಡುವು. ‘ಪೋಡ ಪಿಠ’ ಎಂಬ ಸಿಹಿ ತಿನಿಸನ್ನು ಮೊದಲೇ ಬೇಯಿಸಿಟ್ಟಿರುತ್ತಾರೆ. ಹೆಣ್ಣುಮಕ್ಕಳು ಹೊಸ ಬಟ್ಟೆ ಉಟ್ಟು, ಪಾದಕ್ಕೆ ಕೆಂಪು ಬಣ್ಣ ಹಚ್ಚಿ, ಉಯ್ಯಾಲೆ ಆಡುತ್ತಾರೆ.

ನಮ್ಮಲ್ಲಿ ಭೂಮಿಗೆ ಬಿಡುವು, ಹೆಂಗಸರಿಗೆ ಶಾಸ್ತ್ರದ ಕೆಲಸ. ಅಲ್ಲಿ ಇಬ್ಬರಿಗೂ ಬಿಡುವು. ಈ ಒಂದು ವಿಷಯದಲ್ಲಿ ಮೂಡಣದವರು ಒಂದು ಹೆಜ್ಜೆ ಮುಂದೆ ಎನ್ನಬೇಕು. ಹಾಗೆಂದು ಹೊಗಳಿ ಮುಗಿಸುವಂತಿಲ್ಲ. ತಿಂಗಳ ಮುಟ್ಟಿನ ಮಾತು ಬಂದರೆ ಎರಡೂ ನಾಡಿನ ಹಲವು ಮನೆಗಳಲ್ಲಿ ಇಂದಿಗೂ ಮೈಲಿಗೆಯ ಕಟ್ಟುಪಾಡು ಇದೆ. ನೆಲ ಮುಟ್ಟಾದರೆ ಪೂಜೆ, ಮಗಳು ಮುಟ್ಟಾದರೆ ಮೂಲೆ! ಇದು ಯಾವ ನ್ಯಾಯ?

ಸರಕಾರಗಳು ಈ ಕಡೆ ಕಣ್ಣು ತೆರೆದಿವೆ. ದುಡಿಯುವ ಮಹಿಳೆಯರಿಗೆ ಒಂದು ದಿನದ ಮುಟ್ಟಿನ ರಜೆಯನ್ನು ಒಡಿಶಾ ಸರಕಾರ 2024ರ ಆಗಸ್ಟ್ 15ರಂದು ಘೋಷಿಸಿತು. ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆಗೆ ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಕೆಸರು ಗದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನಾಟಿ ಮಾಡುವ ದಿನಗೂಲಿ ಹೆಣ್ಣಾಳಿನ ಗತಿ ಏನು? ಆಕೆಗೆ ಹಾಜರಿ ಪುಸ್ತಕವಿಲ್ಲ. ಬಾರದ ದಿನ ಕೂಲಿಯಿಲ್ಲ. ಹೊಟ್ಟೆನೋವು ಕಚ್ಚಿಕೊಂಡು ಬರುತ್ತಾಳೆ. ಅಂಥವಳನ್ನು ‘ಭೂಮಿ ತೂಕದವಳು’ ಎಂದು ಹೊಗಳಿ ಸುಮ್ಮನಾಗುತ್ತೇವೆ.

“ನಾಟಿ ಹಂಗಾಮಿನಲ್ಲಿ ಆಳೇ ಸಿಗುವುದಿಲ್ಲ, ಬೆಳೆಗೆ ಬೆಲೆ ಇಲ್ಲ, ರಜೆ ಎಲ್ಲಿಂದ ಕೊಡೋಣ?” ಎಂದು ನೀವು ಕೇಳಬಹುದು. ಅದು ಸುಳ್ಳಲ್ಲ. ಆದರೆ ಕೈಲಾದದ್ದು ಹಲವಿದೆ. ಆ ದಿನ ಆಕೆಯನ್ನು ನೀರಿಗಿಳಿಸದೆ ಬದುವಿನ ಮೇಲಿನ ಹಗುರ ಕೆಲಸ ಕೊಡಬಹುದು. ಅರ್ಧ ದಿನ ದುಡಿದರೂ ಪೂರ್ತಿ ಕೂಲಿ ಕೊಡಬಹುದು. ಹೊಲದ ಮೂಲೆಯಲ್ಲಿ ನಾಲ್ಕು ತಡಿಕೆ ಕಟ್ಟಿ, ಒಂದು ಕೊಡ ನೀರಿಟ್ಟರೆ ಬಟ್ಟೆ ಬದಲಿಸಲು ಮರೆಯಾದೀತು. ಮುಯ್ಯಾಳು ಪದ್ಧತಿ ಉಳಿದಿರುವ ಊರಿನಲ್ಲಿ ಒಬ್ಬಳ ಬದಲು ಇನ್ನೊಬ್ಬಳು ಬಂದರೆ ಲೆಕ್ಕವೂ ಸರಿಹೋದೀತು. ಮುಖ್ಯವಾಗಿ, ಕೇಳಲು ಆಕೆ ನಾಚದಂತೆ ಮನೆಯೊಡತಿಯೇ ಮೊದಲು ವಿಚಾರಿಸಬೇಕು.

ಮೂರು ದಿನ ಉಳದೆ ಬಿಟ್ಟ ಮಾತ್ರಕ್ಕೆ ಮಣ್ಣಿನ ಸಾರ ಹೆಚ್ಚುವುದಿಲ್ಲ. ಅದಕ್ಕೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಬೇಕು. ಹಿರಿಯರು ಆ ಬಿಡುವನ್ನು ಇಟ್ಟುಕೊಂಡದ್ದು ಲಾಭಕ್ಕಲ್ಲ. ಅನ್ನ ಕೊಡುವವಳಿಗೂ ಆಯಾಸವುಂಟು ಎಂಬ ನೆನಪಿಗೆ. ಆ ನೆನಪು ನೆಲಕ್ಕೆ ಮಾತ್ರ ಏಕೆ? ಅನ್ನ ಬೆಳೆಯುವ ಕೈಗೂ ಸಲ್ಲಲಿ. ಈ ಮಾತನ್ನು ವಾಚನಾಲಯದಲ್ಲಿ ಓದಿ ಅಲ್ಲಿಯೇ ಬಿಡಬೇಡಿ. ಮನೆಗೆ ಹೋಗಿ ಹೆಂಗಸರ ಎದುರಿಗೂ ಓದಿರಿ.