ಬೊಂಬೆಯ ಮೇಲೆ ಪಾಸಾಗದೆ ರೋಗಿಯನ್ನು ಮುಟ್ಟಬಾರದೆ?

2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ವೈದ್ಯಕೀಯ ಕಾಲೇಜುಗಳಿಗೆ ಸ್ಕಿಲ್ ಲ್ಯಾಬ್ ಕಡ್ಡಾಯ ಮಾಡಿತು. ಸೂಜಿ ಚುಚ್ಚುವುದು, ಹೊಲಿಗೆ ಹಾಕುವುದು, ನಿಂತ ಹೃದಯಕ್ಕೆ ಎದೆ ಒತ್ತುವುದು, ಇವನ್ನೆಲ್ಲ ಬೊಂಬೆಗಳ ಮೇಲೆ ಕಲಿಯುವ ಜಾಗ ಅದು. ಅಲ್ಲಿ ತೇರ್ಗಡೆಯಾದವರನ್ನು ಮಾತ್ರ ವಾರ್ಡಿಗೆ ಬಿಡಬೇಕೆ ಎಂಬುದು ಚರ್ಚೆ.

ಪರ

ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿದವರ ತೋಳು ನೋಡಿ. ನರ ಸಿಗದೆ ಮತ್ತೆ ಮತ್ತೆ ಚುಚ್ಚಿದ ನೀಲಿ ಗುರುತುಗಳಿರುತ್ತವೆ. ದುಡ್ಡು ಕಟ್ಟಿ ಸ್ಪೆಷಲ್ ವಾರ್ಡ್ ಸೇರಿದವರ ತೋಳು ಕಲಿಯುವವರ ಕೈಗೆ ಸಿಗುವುದಿಲ್ಲ. ಒಮ್ಮೆ ನೋಡು, ಒಮ್ಮೆ ಮಾಡು, ಆಮೇಲೆ ಇನ್ನೊಬ್ಬರಿಗೆ ಕಲಿಸು ಎಂಬ ಹಳೆಯ ಪದ್ಧತಿಯ ಬೆಲೆ ತೆತ್ತವರು ಬಡವರು. ಬೇಡ ಎಂದರೆ ಚಿಕಿತ್ಸೆಯೇ ತಪ್ಪೀತೆಂದು ಅಂಜಿ ಸುಮ್ಮನಿರುವವರು. ಅವರ ಮೌನವನ್ನು ಒಪ್ಪಿಗೆ ಎಂದು ಕರೆಯುವುದು ಅನ್ಯಾಯ.

ಬೊಂಬೆಯಿಂದ ರೋಗಿಗೆ ಲಾಭವಾಗುತ್ತದೆ ಎಂಬುದಕ್ಕೆ ಪುರಾವೆಯಿದೆ. ದೊಡ್ಡ ರಕ್ತನಾಳದೊಳಗೆ ಸೆಂಟ್ರಲ್ ಲೈನ್ ಎಂಬ ನಳಿಕೆ ಹಾಕುವುದನ್ನು ಷಿಕಾಗೊದ ಸಂಶೋಧಕರು ಕಿರಿಯ ವೈದ್ಯರಿಗೆ ಮೊದಲು ಬೊಂಬೆಯ ಮೇಲೆ, ನಿಗದಿತ ಮಟ್ಟ ಮುಟ್ಟುವವರೆಗೆ, ಕಲಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅವರ ಐಸಿಯುನಲ್ಲಿ ಆ ನಳಿಕೆಯಿಂದ ರಕ್ತಕ್ಕೆ ಹರಡುವ ಸೋಂಕು, ನಳಿಕೆಯಿದ್ದ ಪ್ರತಿ 1000 ದಿನಗಳಿಗೆ 3.20ರಿಂದ 0.50ಕ್ಕೆ ಇಳಿಯಿತು. ಇಷ್ಟು ತಿಳಿದ ಮೇಲೂ ಮೊದಲ ಪ್ರಯತ್ನವನ್ನು ಮನುಷ್ಯನ ಮೈಮೇಲೆ ಮಾಡಿಸಲು ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ವಾರ್ಡೇ ಎಲ್ಲ ಕಲಿಸುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 1997ರ ಅಮೆರಿಕದ ಅಧ್ಯಯನವೊಂದರಲ್ಲಿ ತರಬೇತಿ ನಿರತ ವೈದ್ಯರಿಗೆ ಹೃದಯದ 12 ಬಗೆಯ ಸದ್ದುಗಳನ್ನು ಕೇಳಿಸಿದಾಗ, ಸರಿಯಾಗಿ ಗುರುತಿಸಿದ್ದು ಶೇಕಡ 20ರಷ್ಟನ್ನು ಮಾತ್ರ.

ವಿರೋಧ

ಸೆಂಟ್ರಲ್ ಲೈನಿನ ಮಾತು ಒಪ್ಪಿದೆ. ಮೈಯೊಳಗೆ ಏನನ್ನೇ ತೂರಿಸುವ ಮುನ್ನ ಬೊಂಬೆಯ ಮೇಲೆ ಕೈ ಪಳಗಲಿ. ಆದರೆ ವೈದ್ಯಕೀಯದ ಬಹುಪಾಲು ಸೂಜಿಯಿಂದ ನಡೆಯುವುದಿಲ್ಲ. ಕೇಳುವುದು, ನೋಡುವುದು, ಮುಟ್ಟುವುದು, ಇಷ್ಟರಿಂದಲೇ ಎಷ್ಟೋ ಕಾಯಿಲೆಗಳ ಸುಳಿವು ಸಿಗುತ್ತದೆ. ಅದಕ್ಕೂ ಬೊಂಬೆಯ ಪರವಾನಗಿ ಬೇಕೆಂದರೆ ವಿದ್ಯಾರ್ಥಿ ಮನುಷ್ಯನಿಂದಲೇ ದೂರವಾಗುತ್ತಾನೆ.

ಹೊಟ್ಟೆ ಪರೀಕ್ಷಿಸಲು ಕಲಿಸುವ ಮೇಷ್ಟ್ರು ಮೊದಲು ಹೇಳುವುದೇನು? ರೋಗಿಯ ಬಲಗಡೆ ನಿಲ್ಲು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೋ, ನೋವಿರುವ ಜಾಗವನ್ನು ಕೊನೆಗೆ ಮುಟ್ಟು, ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲಿರಲಿ. ನೋವು ಮೊದಲು ಕಾಣುವುದು ಹುಬ್ಬಿನಲ್ಲಿ. ಬೊಂಬೆಗೆ ಹುಬ್ಬು ಗಂಟಿಕ್ಕಲು ಬರುವುದಿಲ್ಲ. ಬೀದರಿನ ಅಜ್ಜಿ ತನ್ನ ಸಂಕಟ ಹೇಳುವ ರೀತಿಯೇ ಬೇರೆ, ಮಡಿಕೇರಿಯ ತೋಟದ ಆಳು ಹೇಳುವ ರೀತಿಯೇ ಬೇರೆ. ಮಗ ಪಕ್ಕದಲ್ಲಿ ನಿಂತರೆ ಅಜ್ಜಿ ಅರ್ಧ ಮಾತು ನುಂಗಿಕೊಳ್ಳುತ್ತಾಳೆ. ಇದನ್ನು ಮಂಚದ ಬಳಿ ನಿಂತೇ ಕಲಿಯಬೇಕು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೋಣೆಯಿಂದ ವಾರ್ಡಿಗೆ ಕರೆದೊಯ್ದದ್ದು ಇದಕ್ಕೇ.

ಪುರಾವೆಯನ್ನೂ ಎಚ್ಚರದಿಂದ ಓದಬೇಕು. 2011ರಲ್ಲಿ 609 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ದೊಡ್ಡ ವಿಶ್ಲೇಷಣೆ ಬೊಂಬೆ, ಸಿಮ್ಯುಲೇಟರ್‌ಗಳ ತರಬೇತಿಯನ್ನು ಎತ್ತಿಹಿಡಿಯಿತು. ಆದರೆ ಅದು ಹೋಲಿಸಿದ್ದು ಆ ತರಬೇತಿ ಪಡೆದವರನ್ನು, ಯಾವ ತರಬೇತಿಯೂ ಸಿಗದವರೊಂದಿಗೆ. ಒಳ್ಳೆಯ ಗುರುವಿನ ಜೊತೆ ವಾರ್ಡಿನಲ್ಲಿ ಕಲಿತವರಿಗಿಂತ ಇವರು ಮೇಲೆಂದು ಅದರಿಂದ ಹೇಳಲಾಗದು. ಹೃದಯದ ಸದ್ದು ಗುರುತಿಸಲಾಗದ್ದಕ್ಕೂ ವಾರ್ಡನ್ನು ದೂರಿ ಫಲವಿಲ್ಲ. ಮಂಚದ ಬಳಿ ನಿಂತು ಕಲಿಸುವ ಹೊತ್ತೇ ಕರಗುತ್ತಿದೆ. ನಮ್ಮಲ್ಲಂತೂ ಎಷ್ಟೋ ಹೌಸ್‌ಸರ್ಜನ್‌ಗಳ ಗಮನ ನೀಟ್ ಪಿಜಿಯ ಪ್ರಶ್ನೆಗಳ ಮೇಲೆ, ಕಲಿಸಬೇಕಾದವರ ಹೊತ್ತು ಓಪಿಡಿಯ ಸಾಲು ಕರಗಿಸುವುದರಲ್ಲಿ ಹೋಗುತ್ತದೆ.

ಬಡವರ ಮೇಲೆ ಪ್ರಯೋಗವಾಗಬಾರದು ಎಂಬ ಕಾಳಜಿ ನಮ್ಮದೂ ಹೌದು. ಅದಕ್ಕೆ ದಾರಿಯೆಂದರೆ ರೋಗಿಯ ಅನುಮತಿ ಕೇಳುವುದು, ಹಿರಿಯರೊಬ್ಬರು ಪಕ್ಕದಲ್ಲಿ ನಿಲ್ಲುವುದು. ಮೊದಲ ವರ್ಷದಿಂದಲೇ ಮಕ್ಕಳನ್ನು ವಾರ್ಡಿಗೆ ಕಳಿಸಿ, ಜೊತೆಗೆ ಕಲಿಸುವವರನ್ನೂ ಕಳಿಸಿ.