ತೋಟದ ಮಂಗ ಮತ್ತು ಕಬ್ಬಿಣದ ತೋಳ

ನೆಟ್ಟ ಮರದ ಫಲವನ್ನು ಹಕ್ಕಿಯೋ ಮೃಗವೋ ತಿಂದರೂ ನೆಟ್ಟವನಿಗೆ ಅದು ದಾನವಾಗಿ ಸಲ್ಲುತ್ತದೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಮದ್ರಸದಲ್ಲಿ ವಿವರಿಸುತ್ತಿದ್ದೆ. ಹೊಸನಗರದ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಉಸ್ತಾದ್, ಹಾಗಾದರೆ ಮಂಗಗಳನ್ನು ಓಡಿಸಬಾರದೇ? ಅಬ್ಬಾ ದಿನವಿಡೀ ಅದೇ ಕೆಲಸದಲ್ಲಿರುತ್ತಾರೆ."

ಅವನ ಪ್ರಶ್ನೆ ಉಡಾಫೆಯದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸಣ್ಣ ಹಿಡುವಳಿದಾರನಿಗೆ ಎಳೆ ಅಡಿಕೆ, ಬಾಳೆ, ಏಲಕ್ಕಿ ಕಣ್ಣೆದುರೇ ಹಾಳಾಗುವುದು ವರ್ಷದ ಅನ್ನದ ಪ್ರಶ್ನೆ. ಗರ್ನಾಲು, ಕವಣೆ ಎಲ್ಲವೂ ಆದವು. ಹೊಸನಗರ ತಾಲೂಕಿನಲ್ಲಿ ಮಂಕಿ ಪಾರ್ಕಿನ ಪ್ರಸ್ತಾಪವೂ ಬಂದು ಚರ್ಚೆಯಾಯಿತು. 2019ರಲ್ಲಿ ತೀರ್ಥಹಳ್ಳಿ ತಾಲೂಕಿನ ಕೃಷಿಕರೊಬ್ಬರು ತೋಟದಲ್ಲಿಟ್ಟ ಹುಲಿಬೊಂಬೆಯ ಬಣ್ಣ ಮಾಸಿದಾಗ, ತಮ್ಮ ನಾಯಿಯ ಮೈಮೇಲೆಯೇ ಹುಲಿಯ ಪಟ್ಟೆ ಬಳಿದರು. ದೇಶವೆಲ್ಲ ನಕ್ಕಿತು. ನನಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಅದೇ ಉಪಾಯವನ್ನು ಜಪಾನಿನವರು ಯಂತ್ರದಿಂದ ಸಾಧಿಸಿದ್ದಾರೆ. ಹೊಕ್ಕೈಡೊ ದ್ವೀಪದ ತಕಿಕಾವ ಪಟ್ಟಣದಲ್ಲಿ 2020ರಲ್ಲಿ ಕರಡಿಗಳನ್ನು ಬೆದರಿಸಲು 'ಮಾನ್‌ಸ್ಟರ್ ವುಲ್ಫ್' ಎಂಬ ಯಂತ್ರತೋಳಗಳನ್ನು ನಿಲ್ಲಿಸಿದರು. ಹತ್ತಿರದಲ್ಲಿ ಚಲನೆಯಾದರೆ ಸೆನ್ಸರ್ ಗ್ರಹಿಸುತ್ತದೆ. ತೋಳ ತಲೆ ತಿರುಗಿಸುತ್ತದೆ, ಕೆಂಪು ಕಣ್ಣು ಮಿನುಗಿಸುತ್ತದೆ, ಊಳಿಡುತ್ತದೆ. ಪ್ರಾಣಿಗೆ ರೂಢಿಯಾಗದಿರಲೆಂದು ಹತ್ತಾರು ಬಗೆಯ ಧ್ವನಿಗಳನ್ನು ಬದಲಿಸುತ್ತದೆ. ಅಲುಗಾಡದ ಬೊಂಬೆ ಸೋಲುವುದು ಇಲ್ಲಿಯೇ. ನಮ್ಮ ಮಂಗವಂತೂ ಕರಡಿಗಿಂತ ಬೇಗ ಗುಟ್ಟು ತಿಳಿಯುತ್ತದೆ. ಒಂದೇ ಕಡೆ ನಿಂತ ಯಂತ್ರದ ತಲೆಯ ಮೇಲೆ ಅದು ಕುಳಿತರೂ ಆಶ್ಚರ್ಯವಿಲ್ಲ. ಆದರೂ ಮಲೆನಾಡಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಮ್ಮ ತೋಟಗಳಿಗೆ ಹೊಂದುವಂಥದ್ದನ್ನು ಮಾಡಿ ನೋಡಬೇಕೆಂಬುದೇ ನನ್ನ ಅಭಿಪ್ರಾಯ.

ಏಕೆಂದರೆ ಇನ್ನೊಂದು ದಾರಿ ನಮ್ಮ ಕಣ್ಣೆದುರಿಗಿದೆ. 2021ರ ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ 30ಕ್ಕೂ ಹೆಚ್ಚು ಮಂಗಗಳ ಕಳೇಬರಗಳು ಗೋಣಿಚೀಲಗಳಲ್ಲಿ ಸಿಕ್ಕವು. ರಾಜ್ಯ ಹೈಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಕೊಂದ ಹೆಂಗಸಿನ ಕಥೆ ಕೇಳಿ ಬೆಳೆದ ನಾವು ಇಂಥ ಸುದ್ದಿಯನ್ನು ಓದಿ ಪುಟ ತಿರುವಬಾರದು.

ಜಪಾನಿನ ಕಥೆಗೆ ಇನ್ನೊಂದು ಮುಖವೂ ಇದೆ. ಅಲ್ಲಿ ನಿಜವಾದ ತೋಳದ ಸಂತತಿ ನಶಿಸಿ ನೂರು ವರ್ಷ ಮೀರಿದೆ. ಹೊಕ್ಕೈಡೊದಲ್ಲಿ ಕುದುರೆ ಸಾಕಣೆಯ ರಕ್ಷಣೆಗೆಂದು ತೋಳಗಳಿಗೆ ವಿಷವಿಟ್ಟಿದ್ದರು. ಅದೇ ನೆಲದಲ್ಲಿ ಇಂದು ಕಬ್ಬಿಣದ ತೋಳ ಊಳಿಡುತ್ತಿದೆ. ನಾವಾದರೂ ಹಲಸು, ಹೆಬ್ಬಲಸು, ನೇರಳೆಗಳಿದ್ದ ಕಾಡಿನಲ್ಲಿ ಅಕೇಶಿಯಾ ಬೆಳೆಸಿದೆವು. ಅಕೇಶಿಯಾದಲ್ಲಿ ಮಂಗಕ್ಕೆ ತಿನ್ನಲು ಏನಿದೆ? ಅದು ತೋಟಕ್ಕೆ ಬಾರದೆ ಎಲ್ಲಿಗೆ ಹೋದೀತು?

ಹುಡುಗನಿಗೆ, "ಓಡಿಸಬಹುದು ಮಗಾ, ವಿಷವಿಡಬಾರದು, ನೋಯಿಸಬಾರದು. ನಿನ್ನ ಅಬ್ಬಾ ತಮ್ಮ ಕುಟುಂಬದ ಪಾಲನ್ನು ಕಾಯುತ್ತಿದ್ದಾರೆ, ಅವರ ಕೈಮೀರಿ ಮಂಗ ತಿಂದದ್ದು ದಾನದ ಲೆಕ್ಕಕ್ಕೆ" ಎಂದೆ. ಅವನಿಗೆ ಸಮಾಧಾನವಾಯಿತೋ ಇಲ್ಲವೋ ತಿಳಿಯದು. ಮರುದಿನ ತೋಟ ಕಾಯುವ ಸರದಿ ಅವನದಾಗಿದ್ದರಿಂದ ತರಗತಿಗೆ ಬರಲಿಲ್ಲ.