ಬಂಡೀಪುರದ ರಾತ್ರಿಯ ಹಾದಿ

ಬಂಡೀಪುರದ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ 9 ಗಂಟೆಯಿಂದ ಬೆಳಗಿನ 6ರ ವರೆಗೆ ವಾಹನಗಳು ಓಡಕೂಡದೆಂದು 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ವಿಧಿಸಿದ ನಿರ್ಬಂಧವನ್ನು 2010ರಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಅಂದಿನಿಂದಲೂ ಇದನ್ನು ಸಡಿಲಿಸಬೇಕೆಂಬ ಕೂಗು ವಯನಾಡಿನ ಕಡೆಯಿಂದ ಬರುತ್ತಲೇ ಇದೆ. ವಯನಾಡಿನವರು ನಮ್ಮ ನೆರೆಯವರು; ಅವರ ವರ್ತಕರ ತೊಂದರೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ರೋಗಿಯನ್ನು ಒಯ್ಯುವ ವಾಹನಕ್ಕೆ ತಡೆಯಿಲ್ಲ. ಕೆಲವು ಬಸ್ಸುಗಳಿಗೂ ಅನುಮತಿಯುಂಟು. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮಾರ್ಗವಾಗಿ ಮಾನಂದವಾಡಿಗೆ ಬೇರೊಂದು ರಸ್ತೆಯೂ ಇದೆ. ದೂರ ಕೊಂಚ ಹೆಚ್ಚು, ಅಷ್ಟೇ. ಆನೆಗೆ ಬೇರೊಂದು ಕಾಡು ಎಲ್ಲಿದೆ?

1931ರಲ್ಲಿ ಮೈಸೂರಿನ ಮಹಾರಾಜರವರು ಸುಮಾರು 90 ಚದರ ಕಿಲೋಮೀಟರಿನಷ್ಟು ಕಾಪಿಟ್ಟ ಈ ಕಾಡು 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಹಗಲೆಲ್ಲ ಲಾರಿಗಳ ಸದ್ದನ್ನು ಅದು ಸಹಿಸಿಯೇ ಇದೆ. ಇರುಳಿನಲ್ಲಿ ಜಿಂಕೆಯು ದೀಪದ ಬೆಳಕಿಗೆ ಕಣ್ಣು ಕೋರೈಸಿ ನಡುದಾರಿಯಲ್ಲೇ ನಿಂತುಬಿಡುತ್ತದೆ. ಚಾಲಕನಿಗೆ ಕಾಣುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಮೇಲ್ಸೇತುವೆ ಕಟ್ಟಿದರಾಗದೆ ಎಂದು ಕೇಳುವ ಬುದ್ಧಿವಂತರೂ ಇದ್ದಾರೆ. ಕಂಬ ನೆಡಲು ವರ್ಷಗಟ್ಟಲೆ ಯಂತ್ರಗಳನ್ನು ಓಡಿಸಿ ಕಾಡನ್ನು ಉಳಿಸುವ ಯುಕ್ತಿ ನಮಗಂತೂ ತಿಳಿಯದು. ಬೆಂಗಳೂರಿನ ಸರ್ಕಾರದವರ ಮಾತು ಈ ವಿಷಯದಲ್ಲಿ ಒಮ್ಮೊಮ್ಮೆ ತೂಗಾಡಿದ್ದುಂಟು. ಗುಂಡ್ಲುಪೇಟೆ, ಮೈಸೂರುಗಳ ಮಹಾಜನರು ಸುಮ್ಮನಿರದೆ, ನಿರ್ಬಂಧವು ಒಂದು ಗಳಿಗೆಯೂ ಕಡಿಮೆಯಾಗಕೂಡದೆಂದು ಅವರಿಗೆ ಅರಿಕೆಗಳನ್ನು ಕಳುಹಿಸಬೇಕೆಂದು ಬಿನ್ನವಿಸುತ್ತೇವೆ.